ಬಿಳಿತೋಳ ಕುಲದ ಮುನ್ನೂರು ಮಂದಿ

"ಮುನ್ನೂರು ಜನ ಹಿಮದ ಮೇಲೆ ಮಂಡಿ ಊರಿದ್ದಾರೆ ಅಪ್ಪ. ಬಿಳಿತೋಳ ಟ್ರೈಬ್, ಫುಲ್. ಮುದುಕರು, ಮಕ್ಕಳು, ಎಲ್ಲಾ," ಎಂದಳು ಚಾರ್ವಿ, ಫೋನಿನಿಂದ ಕಣ್ಣೆತ್ತದೆ.

"ಕಡಿಯೋಕೆ ಹೇಳು," ಎಂದ ಗೋಪೀನಾಥ. ಗೋಥೆನ್‌ಬರ್ಗ್‌ನ ಟ್ರಾಮ್ ಸೇತುವೆ ಹತ್ತುತ್ತಿತ್ತು. ಅವನ ಬಿಳಿ ಪ್ಯಾಂಟಿನ ಮಂಡಿ ಹುಲ್ಲು ಉಜ್ಜಿ ಹಸಿರಾಗಿತ್ತು. ಆಗಷ್ಟೇ ನಾಲ್ಕು ರನ್ನಿಗೆ ಸೆಮಿಫೈನಲ್ ಸೋತು ಬಂದಿದ್ದ. ಅದೂ ಶ್ರೇಯಸ್‌ನ ತಂಡಕ್ಕೆ. ಎರಡು ವರ್ಷದ ಹಿಂದೆ ಇದೇ ಶ್ರೇಯಸ್ ಜಗಳ ತೆಗೆದು, ಗೋಪೀನಾಥನ ಕ್ರಿಕೆಟ್ ಕ್ಲಬ್ಬಿನಿಂದ ಹನ್ನೊಂದು ಜನರನ್ನು ಎಬ್ಬಿಸಿಕೊಂಡು ಹೋಗಿ ಬೇರೆ ಕ್ಲಬ್ ಕಟ್ಟಿದ್ದ. ಅಂದಿನಿಂದ ಆ ಕಡೆಯವರ ಮನೆಯ ನಾಮಕರಣಕ್ಕೂ ಈ ಕಡೆಯವರು ಹೋಗುವುದಿಲ್ಲ.

ಎದುರು ಸೀಟಿನಲ್ಲಿ ಕಿಟ್‌ಬ್ಯಾಗನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡಿದ್ದ ವಿಕೆಟ್‌ಕೀಪರ್ ಸುಹಾಸ್ ತಲೆ ಎತ್ತಿದ. "ಗೋಪಣ್ಣ, ಟೂರ್ನಮೆಂಟ್ ಕಮಿಟಿಗೆ ಕಂಪ್ಲೇಂಟ್ ಇಮೇಲ್ ರೆಡಿ. ಅವರ ಬೌಲರ್ ರಿಷಿಗೆ ಇನ್ನೂ ಪರ್ಸನ್‌ನಂಬರ್ರೇ ಬಂದಿಲ್ಲ, ರೂಮ್‌ಮೇಟ್ ಹೆಸರಲ್ಲಿ ಆಡಿಸಿದ್ದಾರೆ ಅಂತ ಬರೆದಿದೀನಿ. ಫೋಟೊನೂ ಹಾಕಿದೀನಿ. ಆರು ಗಂಟೆ ಒಳಗೆ ಹೋಗ್ಬೇಕು. ನೀವು ಹ್ಞೂಂ ಅಂದ್ರೆ ಒತ್ತಿಬಿಡ್ತೀನಿ."

ಸ್ವೀಡನ್ನಿನಲ್ಲಿ ಆ ನಂಬರ್ ಇಲ್ಲದವನು ಕಾಗದದ ಮೇಲೆ ಮನುಷ್ಯನೇ ಅಲ್ಲ. ದೂರು ಹೋದರೆ ಫೈನಲ್ ಆಡುವುದು ಗೋಪೀನಾಥನ ತಂಡ. ಶ್ರೇಯಸ್‌ನ ಕ್ಲಬ್ಬಿಗೆ ಎರಡು ವರ್ಷ ನಿಷೇಧ, ಕೊಮ್ಯೂನ್, ಅಂದರೆ ಇಲ್ಲಿನ ನಗರಸಭೆ, ಕೊಟ್ಟ ಮೈದಾನವೂ ವಾಪಸ್. ಆಮೇಲೆ ಆ ಕ್ಲಬ್ ಉಳಿಯುವುದಿಲ್ಲ. ಗೋಪೀನಾಥ ಹ್ಞೂಂ ಎನ್ನಲು ಬಾಯಿ ತೆರೆದ.

"ಅಪ್ಪ, ಕಥೆ ಮುಗಿದಿಲ್ಲ!" ಎಂದು ಚಾರ್ವಿ ಅವನ ತೋಳು ಹಿಡಿದಳು.

ಪಂದ್ಯ ಮುಗಿದ ಮೇಲೆ ಮನೆ ಮುಟ್ಟುವವರೆಗೂ ಮಗಳು ಆ ಚೀನೀ ಕಾದಂಬರಿ ಹೇಳಬೇಕು, ಅವನು ಕೇಳಬೇಕು. ಪುಸ್ತಕ ಇಂಗ್ಲಿಷಿನಲ್ಲಿದೆ. ಗೋಪೀನಾಥ ಹಳ್ಳಿ ಶಾಲೆಯಲ್ಲಿ ಕಲಿತು ಲಾರಿ ಮೆಕ್ಯಾನಿಕ್ ಆಗಿ ಇಲ್ಲಿಗೆ ಬಂದವನು. ಎಂಜಿನ್ ಬಿಚ್ಚಿದಷ್ಟು ಸಲೀಸಾಗಿ ಇಂಗ್ಲಿಷ್ ಕಥೆ ಓದಲಾರ. ಬೆಟ್ಟದಲ್ಲಿ ತಪಸ್ಸಿಗೆ ಕೂತು, ಮೆಟ್ಟಿಲು ಮೆಟ್ಟಿಲಾಗಿ ಶಕ್ತಿ ಗಳಿಸಿ, ತನ್ನ ಕುಲವನ್ನು ತುಳಿದವರ ಮೇಲೆ ಯುದ್ಧಕ್ಕೆ ಹೋಗುವ ವೇಯ್ ತುಂಗ್ ಎಂಬ ವೀರನ ಕಥೆ ಅದು. ನೂರ ಎಂಬತ್ತು ಅಧ್ಯಾಯ ಆಗಿದ್ದವು. ವೇಯ್ ತುಂಗ್‌ನ ಒಂದು ಏಟನ್ನೂ ಗೋಪೀನಾಥ ತಪ್ಪಿಸಿಕೊಂಡಿರಲಿಲ್ಲ.

"ಬೇಗ ಹೇಳು. ಕಡಿದನಾ?"

"ಕತ್ತಿ ಎತ್ತಿದ. ಬಿಳಿತೋಳದ ಚೀಫ್ ಕತ್ತು ಬಗ್ಗಿಸಿದ. ಆವಾಗ ವೇಯ್ ತುಂಗ್ ಕತ್ತಿ ಕೆಳಗಿಳಿಸಿ ಹೇಳ್ತಾನೆ..." ಚಾರ್ವಿ ಕನ್ನಡ ಪದಗಳಿಗಾಗಿ ತಡಕಾಡಿದಳು. "ನಾನು ಹದಿನಾಲ್ಕು ವರ್ಷ ಬೆಟ್ಟದಲ್ಲಿ ಕೂತಿದ್ದೆ. ಮಂಡಿ ಊರಿದವರನ್ನ ಕಡಿಯೋಕೆ ಒಂದು ಅಡುಗೆ ಚಾಕು ಸಾಕು. ಅದಕ್ಕೆ ಹದಿನಾಲ್ಕು ವರ್ಷ ಯಾಕೆ ಬೇಕಿತ್ತು? ಎದ್ದೇಳಿ, ಮನೆಗೆ ಹೋಗಿ, ಅಂತ."

ಗೋಪೀನಾಥ ಕಿಟಕಿಯ ಕಡೆ ತಿರುಗಿದ. ಈ ಊರಲ್ಲಿ ಹನ್ನೊಂದು ಜನರನ್ನು ಸೇರಿಸಿ, ಒಂದು ತುಂಡು ಹುಲ್ಲಿಗಾಗಿ ಕಚೇರಿ ಕಚೇರಿ ಅಲೆದು ಕ್ಲಬ್ ನಿಲ್ಲಿಸಲು ಅವನಿಗೂ ವರ್ಷಗಳೇ ಹಿಡಿದಿದ್ದವು. ಎರಡು ಸ್ಟಾಪ್ ದಾಟಿದವು.

"ಥೂ," ಎಂದ. "ಸುಹಾಸ, ಒತ್ತಬೇಡ ಬಿಡು."

"ಏನು?"

"ಕಿವಿ ಕೇಳಿಸಲ್ವಾ? ಬೇಡ ಅಂದೆ."

ಸುಹಾಸ್ ನಕ್ಕುಬಿಟ್ಟ. "ಗೋಪಣ್ಣ, ಈ ಬುಕ್ ನಾನೂ ಓದಿದೀನಿ. ಇವಳು ನಿಮಗೆ ಟೋಪಿ ಹಾಕ್ತಿದಾಳೆ. ಅಲ್ಲಿ ಅವನು ಎಲ್ಲರನ್ನೂ ಕಡೀತಾನೆ, ಒಂದು ಮಗೂನೂ ಬಿಡಲ್ಲ. ಬಿಟ್ರೆ ಹತ್ತು ವರ್ಷ ಆದ್ಮೇಲೆ ಸೇಡು ತೀರಿಸ್ಕೊಳ್ಳೋಕೆ ಬರುತ್ತಲ್ಲ! ಇಂಥ ಕಥೇಲೆಲ್ಲ ಅದೇ ರೂಲು. ಶ್ರೇಯಸ್ ಮಗಳು ಕೃತಿ ಇವಳ ಬೆಸ್ಟ್ ಫ್ರೆಂಡು. ಅದಕ್ಕೇ ಈ ಡ್ರಾಮಾ."

ಚಾರ್ವಿಯ ಕಿವಿ ಕೆಂಪಾದವು. ಫೋನನ್ನು ತೊಡೆಯ ಮೇಲೆ ಬೋರಲು ಹಾಕಿದಳು.

"ನಿಜವೇನೇ?"

"ಯಾ," ಎಂದಳು. ಬೈಗುಳ ತಿನ್ನುವ ಹೊತ್ತಿಗೆ ಅವಳ ಬಾಯಿಗೆ ಬರುವುದು ಸ್ವೀಡಿಷೇ.

"ಮುನ್ನೂರು ಜನಾನೂ?"

"ಮುನ್ನೂರ ಹನ್ನೆರಡು."

"ಹಾಗಾದ್ರೆ ಆ ಅಡುಗೆ ಚಾಕು ಮಾತು ಯಾರದ್ದು?"

"ನಂದು. ಸಾರಿ ಅಪ್ಪ."

ಗಂಟೆ ಐದು ನಲವತ್ತೆಂಟು. ಸುಹಾಸ್‌ನ ಹೆಬ್ಬೆರಳು ಫೋನಿನ ಮೇಲೆ ಕಾಯುತ್ತಿತ್ತು. "ಇನ್ನೂ ಟೈಮಿದೆ ಅಣ್ಣ. ಇವತ್ತು ಬಿಟ್ರೆ ಮುಂದಿನ ವರ್ಷ ಅವನೇ ನಮ್ಮನ್ನ ಮುಗಿಸ್ತಾನೆ."

"ಮುಗಿಸ್ಲಿ. ಬ್ಯಾಟ್ ಹಿಡಿದು ಮುಗಿಸ್ಲಿ." ಗೋಪೀನಾಥ ಅವನ ಕೈಯಿಂದ ಫೋನ್ ಕಿತ್ತುಕೊಂಡು ಇಮೇಲನ್ನು ಅಳಿಸಿದ. ಅದೇ ಫೋನಿನಿಂದ ಶ್ರೇಯಸ್‌ಗೆ ಕರೆ ಮಾಡಿದ, ಎರಡು ವರ್ಷದಲ್ಲಿ ಮೊದಲ ಸಲ. ಉಳಿದವರಾರೂ ಪಿಸುಗುಟ್ಟದ ಟ್ರಾಮಿನಲ್ಲಿ ಅವನ ದನಿಗೆ ಹಿಂದಿನ ಸೀಟಿನ ಮುದುಕಿ ಬೆಚ್ಚಿಬಿದ್ದಳು.

"ಲೋ ಶ್ರೇಯಸ್! ಇನ್ನೊಬ್ಬನ ಹೆಸರಲ್ಲಿ ಆಡಿಸ್ತೀಯಾ? ನಾಚಿಕೆ ಆಗಲ್ವಾ ನಿಂಗೆ? ಬಾಯಿ ಮುಚ್ಕೊಂಡು ಕೇಳು. ನಾನು ದೂರು ಕೊಡ್ತಿಲ್ಲ. ಫೈನಲ್‌ನಲ್ಲಿ ಮಾತ್ರ ಆ ಹುಡುಗನ್ನ ಇಳಿಸಿದ್ರೆ ನಾನೇ ಬಂದು ಪಿಚ್ ಮೇಲೆ ಅಡ್ಡ ಮಲಗ್ತೀನಿ... ಥ್ಯಾಂಕ್ಸು ಗೀಂಕ್ಸು ಏನೂ ಬೇಡ. ಮುಂದಿನ ವರ್ಷ ಬಾ, ಸರಿಯಾಗಿ ಸೋಲಿಸ್ತೀನಿ. ಇಡು ಫೋನು."

"ಫೈನಲ್ ಹೋಯ್ತು," ಎಂದ ಸುಹಾಸ್, ಕಿಟ್‌ಬ್ಯಾಗಿಗೆ ಹೇಳುವವನಂತೆ.

ಚಾರ್ವಿಯ ಮುಖದಲ್ಲಿ ನಗು ಮೂಡುತ್ತಿತ್ತು. ಗೋಪೀನಾಥ ಅವಳ ಕಡೆ ತಿರುಗಿ ಕಣ್ಣು ಕೆಕ್ಕರಿಸಿದ.

"ನಗಬೇಡ. ಅವನು ಕತ್ತಿ ಎತ್ತಿದ ಜಾಗದಿಂದ ಮತ್ತೆ ಶುರು ಮಾಡು. ಈ ಸಲ ಪುಸ್ತಕದಲ್ಲಿ ಇದ್ದ ಹಾಗೇ ಹೇಳು, ಒಂದು ತಲೇನೂ ಬಿಡಬೇಡ. ಯಾರನ್ನ ಬಿಡ್ಬೇಕು ಅನ್ನೋದನ್ನ ನಾನು ನೋಡ್ಕೋತೀನಿ."