ಹುತಾತ್ಮರ ದಿನದ ಊಟ

"ಸಿಹಿ ಇನ್ನೊಂದು ಸುತ್ತು ಬರ್ಲಿ ಸ್ವಾಮಿ!" ಎಂದು ಸೀಮೆಯ ಆಡಳಿತ ಮಂಡಳಿಯ ಸದಸ್ಯರೊಬ್ಬರು ತಟ್ಟೆ ಎತ್ತಿ ಕೂಗಿದಾಗ, ಊಟದ ಹೊಣೆ ಹೊತ್ತಿದ್ದ ಮಂಡಳಿಯ ಕಾರ್ಯದರ್ಶಿಗೆ ಹೋದ ಜೀವ ಬಂದಂತಾಯಿತು. ಹೋದ ವರ್ಷ ಹುತಾತ್ಮರ ದಿನ ಅನ್ನ ಸಾಲದೆ ನಾಲ್ಕು ಜನರೆದುರು ಮಾನ ಹೋಗಿತ್ತು; 'ಅರೆಹೊಟ್ಟೆ ಸಾಹೇಬರು' ಎಂದು ವರ್ಷವಿಡೀ ಆಡಿಕೊಂಡಿದ್ದರು. ಈ ಸಲ ಊರಿಗೆ ಊರೇ ಉಂಡರೂ ಮಿಗುವಷ್ಟಿತ್ತು. ಯಾರೊಬ್ಬರೂ ಉಣ್ಣದೆ ಹೋಗಬಾರದೆಂದು ಅವನು ಕಾಲಿಗೆ ಚಕ್ರ ಕಟ್ಟಿಕೊಂಡವನಂತೆ ಕಚೇರಿಯ ಅಂಗಳದ ತುಂಬ ಓಡಾಡುತ್ತಿದ್ದ.

ಗೋಡೆ ಪಕ್ಕದ ಬೆಂಚಿನ ಮೇಲೆ ಮುದುಕಿಯೊಬ್ಬಳು ಸುಮ್ಮನೆ ಕೂತಿದ್ದುದು ಕಣ್ಣಿಗೆ ಬಿತ್ತು. ಬೆಳಗ್ಗೆ ವೇದಿಕೆಯ ಮೇಲೆ ಆಕೆಗೆ ಹೂಗುಚ್ಛ ಕೊಟ್ಟವನು ಅವನೇ. ಛಾಪಖಾನೆಯಲ್ಲಿ ಕೆಲಸಕ್ಕಿದ್ದ ಆಕೆಯ ಮಗ, ನಮ್ಮ ಸೀಮೆಯ ಆಡಳಿತ ನಮ್ಮ ಕೈಗೇ ಬರಬೇಕೆಂದು ಪಟ್ಟು ಹಿಡಿದು ಪ್ರಾಣ ಬಿಟ್ಟಿದ್ದ. ಹುತಾತ್ಮನ ತಾಯಿಯೇ ಹಸಿದು ಹೋದರೆ ಜನ ಸುಮ್ಮನಿರುತ್ತಾರೆಯೇ? ಕಾರ್ಯದರ್ಶಿ ತಾನೇ ಓಡಿಹೋಗಿ ತಟ್ಟೆ ತುಂಬ ಬಡಿಸಿಕೊಂಡು ತಂದ.

"ತಗೊಳ್ಳಿ ಅಮ್ಮ, ಎಲ್ಲಾ ಬಿಸಿಯಾಗಿದೆ."

"ಬೇಡಪ್ಪ. ಇವತ್ತೊಂದಿನ ನಾನು ಊಟ ಮಾಡಲ್ಲ."

"ಅದ್ಯಾಕಮ್ಮ? ಯಾರಾದ್ರೂ ಏನಾದ್ರೂ ಅಂದ್ರಾ? ಹೇಳಿ, ಗ್ರಹಚಾರ ಬಿಡಿಸ್ತೀನಿ!"

"ಯಾರೂ ಏನೂ ಅಂದಿಲ್ಲ. ನನ್ನ ಮಗ ಹೋಗಿದ್ದು ಉಪವಾಸ ಕೂತು ಅಲ್ವಾ?"

ಕಾರ್ಯದರ್ಶಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆ ಉಪವಾಸದ ಕಥೆಯನ್ನು ಬೆಳಗ್ಗೆ ಮೈಕಿನ ಮುಂದೆ ಗಂಟಲು ಹರಿಯುವಂತೆ ಹೇಳಿದವನೂ ಅವನೇ; ಹೇಳಿ ಕೆಳಗಿಳಿದವನೇ ನೆಟ್ಟಗೆ ಅಡುಗೆಯವರ ಹತ್ತಿರ ಓಡಿದ್ದ. ಬೆನ್ನ ಹಿಂದೆ ಯಾರೋ ತೇಗಿದರು. ಕೈಯಲ್ಲಿದ್ದ ತಟ್ಟೆಯನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

"ತಪ್ಪಾಯ್ತಮ್ಮ. ಎಲ್ಲಾ ನಿಲ್ಲಿಸಿಬಿಡ್ಲಾ?"

"ಹುಚ್ಚಪ್ಪ! ಉಣ್ಣೋರನ್ನ ಯಾರಾದ್ರೂ ಎಬ್ಬಿಸ್ತಾರಾ?" ಆಕೆ ಪಕ್ಕಕ್ಕೆ ಸರಿದು ಬೆಂಚನ್ನು ತಟ್ಟಿದಳು. "ಬೆಳಗ್ಗೆಯಿಂದ ನೋಡ್ತಾ ಇದೀನಿ, ನಿನ್ನ ಹೊಟ್ಟೆಗೆ ಏನೂ ಬಿದ್ದಿಲ್ಲ. ಕೂತ್ಕೊ, ತಿನ್ನು."

ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕೂತ. ತಲೆ ತಗ್ಗಿಸಿ, ಬೇಗ ಮುಗಿದರೆ ಸಾಕೆಂದು ತುತ್ತಿನ ಮೇಲೆ ತುತ್ತು ತುರುಕಿಕೊಂಡ.

"ಮೆಲ್ಲಗೆ," ಎಂದಳು ಆಕೆ, ಅವನ ಬಾಯನ್ನೇ ನೋಡುತ್ತ. "ಅವನೂ ಹೀಗೇ, ಗಬಗಬ ತಿನ್ನೋನು."