ಬೇರೆ ಲೋಟ

ಹೆಂಡತಿಗೆ ಎಚ್‌ಐವಿ ಎಂದು ಗೊತ್ತಾದದ್ದೇ ತಡ, ಆ ಮಹಾಶಯ ತನಗೊಂದು ಬೇರೆ ಲೋಟ ಇಟ್ಟುಕೊಂಡ. ಆ ಲೋಟಕ್ಕೆ ಕಾಫಿಯನ್ನು ಮಾತ್ರ ಅವಳೇ ಕಾಸಿ ಹಾಕಬೇಕು. ನೀವೂ ಪರೀಕ್ಷೆ ಮಾಡಿಸಿಕೊಳ್ಳಿ ಎಂದರೆ ಮೈಯೆಲ್ಲ ಉರಿಯುತ್ತಿತ್ತು. ರೋಗ ಹೆಂಡತಿಯದು, ತನಗೇನು ಧಾಡಿ?

ಇವತ್ತು ಇಬ್ಬರೂ ಡಾಕ್ಟರ ಎದುರು ಕೂತಿದ್ದರು.

"ವೈರಸ್ಸು ಈ ಮಾತ್ರೆಗೆ ಬಗ್ತಾ ಇಲ್ಲಮ್ಮ. ಅರೆಬರೆ ತಗೊಂಡ್ರೆ ಅದು ಸಾಯಲ್ಲ, ಮಾತ್ರೇನ ತಡ್ಕೊಳ್ಳೋದು ಕಲ್ತುಬಿಡುತ್ತೆ. ಎಷ್ಟು ದಿನ ತಪ್ಪಿಸಿದೆ?"

"ಒಂದು ದಿನಾನೂ ತಪ್ಪಿಸಿಲ್ಲ ಸಾರ್."

"ಬರೀ ಸುಳ್ಳು!" ಗಂಡ ಮೂತಿ ಸೊಟ್ಟಗೆ ಮಾಡಿದ. "ಒಂದು ಮಾತ್ರೆ ನೆಟ್ಟಗೆ ನುಂಗೋ ಯೋಗ್ಯತೆ ಇಲ್ಲ ಇವಳಿಗೆ. ನನ್ನ ನೋಡಿ. ಹೋದ ವರ್ಷ ಜ್ವರ, ಭೇದಿ ಅಂತ ಕಡ್ಡಿ ಆಗಿದ್ದೆ. ಯಾವ ಔಷಧಿಯೂ ಮುಟ್ಟಲಿಲ್ಲ, ತಾನಾಗೇ ಎದ್ದು ಕೂತೆ. ಈಗ ಕಲ್ಲುಗುಂಡಿನ ಹಂಗಿದ್ದೀನಿ!"

ಡಾಕ್ಟರು ಅವಳ ಕಡೆ ತಿರುಗಿದರು. "ನಿಜ ಹೇಳಮ್ಮ, ಪೂರ್ತಿ ಮಾತ್ರೆ ತಗೊಳ್ತಿದ್ಯಾ?"

"ಇಲ್ಲ ಸಾರ್, ಅರ್ಧ," ಎಂದಳು ಅವಳು. "ಇನ್ನರ್ಧ ಹೋದ ವರ್ಷದಿಂದ ದಿನಾ ಪುಡಿ ಮಾಡಿ ಇವರ ಬೇರೆ ಲೋಟಕ್ಕೆ ಹಾಕ್ತಿದ್ದೀನಿ."