ನಾಬ್ ಇಲ್ಲದ ಒಲೆ

"ಒಲೆ ನಾಬ್‌ಗಳೆಲ್ಲಿ?" ಎಂದು ಎಪ್ಪತ್ತೆಂಟರ ಯುಫೆಮಿಯಾ ಮಗಳ ಮುಂದೆ ಅಂಗೈ ಚಾಚಿದಳು. ಇನ್ನೊಂದು ಕೈಯಲ್ಲಿದ್ದ ಚೀಲ, ಎಸ್ಪನ್ಯೋಲಾ ಊರಿನ ಶನಿವಾರದ ಸಂತೆಯಲ್ಲಿ ಆಗಷ್ಟೇ ಸುಡಿಸಿ ತಂದ ಹಸಿರು ಮೆಣಸಿನಕಾಯಿಯಿಂದ ಇನ್ನೂ ಬಿಸಿಯಾಗಿತ್ತು.

"ಕೊಡಲ್ಲ," ಎಂದಳು ಬರ್ನಡೆಟ್. "ಹೋದ ವಾರ ನೀನು ಬಾಣಲೆ ಇಟ್ಟು ಮರ್ತುಬಿಟ್ಟೆ, ಪರದೆ ಸುಟ್ಟೋಯ್ತು. ಇನ್ಮೇಲೆ ಊಟ ನಾನು ತಂದ್ಕೊಡ್ತೀನಮ್ಮ."

"ಆ ಡಬ್ಬಿ ಸೂಪಾ? ನಿನ್ ನಾಯಿಗೆ ಹಾಕು. ಮದುವೆ ಆದಾಗಿಂದ ಈ ಸುಗ್ಗೀಲಿ, ಒಂದು ಸೆಪ್ಟೆಂಬರೂ ನಾನು ಮೆಣಸಿನಕಾಯಿ ಸಾರು ಮಾಡದೆ ಬಿಟ್ಟಿಲ್ಲ."

ಅವಳು ಮತ್ತೆ ಕೇಳಲಿಲ್ಲ. ಗ್ಯಾರೇಜಿಗೆ ಹೋಗಿ ಗಂಡನ ಕಾಲದ ಕಟಿಂಗ್ ಪ್ಲೇಯರ್ ತಂದಳು. ಬೆಂಕಿಕಡ್ಡಿ ಗೀರಿ, ನಾಬ್ ಕಿತ್ತ ಜಾಗದಲ್ಲಿ ಉಳಿದಿದ್ದ ಕಬ್ಬಿಣದ ಕಡ್ಡಿಯನ್ನು ಪ್ಲೇಯರ್‌ನಿಂದ ಬಿಗಿಯಾಗಿ ಹಿಡಿದು ತಿರುಗಿಸಿದಳು. ಬರ್ನಡೆಟ್ ತಡೆಯಲು ಮುಂದೆ ಬರುವಷ್ಟರಲ್ಲಿ ಒಲೆ ಹತ್ತಿಕೊಂಡಿತು.

"ಮತ್ತೆ ಮರೆತ್ರೆ? ಮನೆಗೇ ಬೆಂಕಿ ಬಿದ್ರೆ?" ಮಗಳ ದನಿ ಒಡೆದಿತ್ತು.

"ಮರೀತೀನಿ. ಖಂಡಿತ ಮರೀತೀನಿ. ನೀನು ಇಲ್ಲೇ ಕೂತು ನೆನಪಿಸು. ಊಟ ತಂದ್ಕೊಡೋಕೆ ಪುರುಸೊತ್ತಿದ್ರೆ ಕೂತ್ಕೊಳ್ಳೋಕೂ ಇರುತ್ತೆ."

ಬರ್ನಡೆಟ್ ಒಮ್ಮೆ ಉರಿಯನ್ನು, ಒಮ್ಮೆ ತಾಯಿಯನ್ನು ನೋಡುತ್ತ ನಿಂತಳು. ಆಮೇಲೆ ಕುರ್ಚಿ ಎಳೆದು ಕೂತು, ಚೀಲ ಬಿಚ್ಚಿ, ಮೆಣಸಿನಕಾಯಿಯ ಕರಕು ಸಿಪ್ಪೆಯನ್ನು ಸುಲಿಯತೊಡಗಿದಳು.

"ಬೀಜ ತೆಗೀಬೇಡ," ಎಂದಳು ಯುಫೆಮಿಯಾ. "ನಂಗೆ ಖಾರ ಬೇಕು."